ನಿಮ್ಮ ಅತ್ತೆ ಹೇಳಿದ್ದೇ ಸರಿ

ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ, ನಮ್ಮ ಆಫೀಸಿನಲ್ಲಿ ನಿಮ್ಮ ಪತ್ರಿಕೆ ಓದುವವರು ಇಬ್ಬರಿದ್ದಾರೆ ಅಂದಿದ್ದಾರೆ. (ಇಬ್ಬರೇನಾ ಅಂತ ಸ್ವಲ್ಪ ಬೇಜಾರಾಯಿತು.) ನಾಲ್ಕು ಪುಟದ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ:

"ನನಗೆ 41 ವರ್ಷ. ಎಂಬಿಎ ಮುಗಿಸಿ ಹದಿನಾರು ವರ್ಷದಿಂದ ಸೋಪು, ಶಾಂಪೂ ಮಾರುವ ಕಂಪನಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದೇನೆ. ಚಿಕ್ಕವಳಿದ್ದಾಗ ಸಂಗೀತ ಕಲಿತು ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಆಮೇಲೆ ಬಿಟ್ಟುಹೋಯಿತು. ಈಗ ಕೆಲಸ ಬಿಟ್ಟು ಮ್ಯೂಸಿಕ್ ಇಂಡಸ್ಟ್ರಿಗೆ ಬರಬೇಕು ಅನ್ನಿಸುತ್ತಿದೆ. ಸೌಂಡ್ ಎಂಜಿನಿಯರಿಂಗ್ ಡಿಪ್ಲೊಮಾ ಸೇರೋಣ ಅಂತ ವಿಚಾರಿಸಿದೆ, ಫೀಸು ನಾಲ್ಕು ಲಕ್ಷದ ಮೇಲೆ. ನಮ್ಮ ಯಜಮಾನರು ಏನೂ ಹೇಳುತ್ತಿಲ್ಲ. ಅತ್ತೆ ಮಾತ್ರ 'ಹಾಡಮ್ಮ, ಯಾರು ಬೇಡ ಅಂದ್ರು? ಅದಕ್ಕೆ ಕೆಲಸ ಯಾಕೆ ಬಿಡ್ಬೇಕು?' ಅಂತಾರೆ. ನನಗೆ ತಡವಾಯಿತಾ? ಎಂಬಿಎ ಓದಿದ್ದು ದಂಡವಾಯಿತಾ?"

ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಬರೀ ಆಫೀಸಿನ ಮೇಲಿನ ಸಿಟ್ಟು ಅನ್ನಿಸಿತು. ಟಾರ್ಗೆಟ್ಟು, ಸೋಮವಾರದ ರಿವ್ಯೂ, ನಿಮಗಿಂತ ಹತ್ತು ವರ್ಷ ಚಿಕ್ಕ ಬಾಸು. ಮೂರು ಪುಟ ಅದೇ ಇದೆ. ಕೆಲಸದ ಮೇಲೆ ಸಿಟ್ಟು ಬಂದವರೆಲ್ಲ ಸಂಗೀತದ ಕಡೆಗೋ ಸಾವಯವ ಕೃಷಿಯ ಕಡೆಗೋ ಓಡುವುದನ್ನು ಬೆಂಗಳೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಎರಡನೇ ಸಲ ಓದುವಾಗ ಕೊನೆಯ ಪುಟಕ್ಕೆ ಬಂದು ನಿಂತೆ. ನಿಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ನೀವು ವಾದ್ಯಗೋಷ್ಠಿ ಏರ್ಪಾಡು ಮಾಡಿದ ಕಥೆ. ಮೈಕ್ ಸೆಟ್‌ನವರ ಹತ್ತಿರ ಚೌಕಾಸಿ ಮಾಡಿ ಎರಡು ಸಾವಿರ ಇಳಿಸಿದ್ದೀರಿ. ಕೀಬೋರ್ಡ್‌ನವರು ಒಂಬತ್ತು ಗಂಟೆಗೆ ಇನ್ನೊಂದು ಕಡೆ ಹೋಗಬೇಕು ಅಂತ ಗೊತ್ತಾಗಿ, ಅವರು ಬೇಕೇಬೇಕಾದ ಹಾಡುಗಳನ್ನು ಮೊದಲಿಗೆ ಹಾಕಿಸಿದ್ದೀರಿ. ಮಳೆ ಬಂದರೆ ಇರಲಿ ಅಂತ ಬೇಸ್‌ಮೆಂಟಿನಲ್ಲಿ ಆರು ಕಾರು ತೆಗೆಸಿ ಜಾಗ ಮಾಡಿಟ್ಟಿದ್ದೀರಿ. ಕೊನೆಯ ಹಾಡು ಮುಗಿಯುವ ಮೊದಲೇ ಎಲ್ಲರ ಕವರ್ ರೆಡಿ. "ತಬಲಾದವರು ಎಣಿಸದೆ ಜೇಬಿಗೆ ಹಾಕಿಕೊಂಡರು, ಯಾಕೋ ತುಂಬಾ ಖುಷಿಯಾಯಿತು" ಅಂತ ಬರೆದಿದ್ದೀರಿ. ಆ ಪುಟದಲ್ಲಿ ನಿಮ್ಮ ಅಕ್ಷರ ಕೂಡ ದುಂಡಗಿದೆ.

ತಬಲಾದವರು ಎಣಿಸದೆ ಇಟ್ಟುಕೊಂಡರಲ್ಲ, ಅದು ಈ ಊರಿನಲ್ಲಿ ಸಣ್ಣ ವಿಷಯವಲ್ಲ. ಪಕ್ಕವಾದ್ಯದವರನ್ನು ಕೇಳಿ ನೋಡಿ. "ಪ್ರೋಗ್ರಾಂ ಆಗ್ಲಿ, ಆಮೇಲೆ ನೋಡೋಣ" ಅನ್ನುವ ಮಾತು ಕೇಳಿ ಕೇಳಿ ಅವರಿಗೆ ಸಾಕಾಗಿದೆ.

ಬೆಂಗಳೂರಿನಲ್ಲಿ ಹಾಡುವವರಿಗೆ ಬರವಿಲ್ಲ. ರಿಯಾಲಿಟಿ ಶೋಗಳಲ್ಲಿ ಗೆದ್ದವರೇ ಪ್ರತಿವರ್ಷ ಇಷ್ಟಿಷ್ಟು ಜನ ಬರುತ್ತಾರೆ. ಸೌಂಡ್ ಕಲಿತ ಹುಡುಗರೂ ಇದ್ದಾರೆ, ಇಪ್ಪತ್ತೆರಡು ವರ್ಷದವರು, ರಾತ್ರಿಯೆಲ್ಲ ಸ್ಟುಡಿಯೊದಲ್ಲಿ ಕೂರುವ ಮೈಶಕ್ತಿ ಇರುವವರು. ನಾಲ್ಕು ಲಕ್ಷ ಕೊಟ್ಟು ಅವರ ಜೊತೆ ಕ್ಯೂನಲ್ಲಿ ಯಾಕೆ ನಿಲ್ಲುತ್ತೀರಿ? ಇಲ್ಲಿ ಬರ ಇರುವುದು ಲೆಕ್ಕ ಇಡುವವರಿಗೆ, ಅಗ್ರಿಮೆಂಟನ್ನು ಕೊನೆಯ ಸಾಲಿನವರೆಗೆ ಓದುವವರಿಗೆ, ಬರಬೇಕಾದ ದುಡ್ಡಿಗೆ ಮುಜುಗರವಿಲ್ಲದೆ ಮೂರನೇ ಸಲ ಫೋನ್ ಮಾಡುವವರಿಗೆ.

ಇದು ಹೊಸ ಮಾತೇನೂ ಅಲ್ಲ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ ನಿಮಗೆ ಗೊತ್ತಲ್ಲ? 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಶುರು ಮಾಡಿದ್ದು. ಕೋಟೆ ಹೈಸ್ಕೂಲ್ ಮೈದಾನದ ಆ ಪೆಂಡಾಲಿಗೆ ದೇಶದ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಬಂದು ಹಾಡಿದ್ದಾರೆ. ರಾಯರು ಹೆಸರು ಮಾಡಿದ್ದು ಕಛೇರಿ ಮಾಡಿಸಿ, ಹಾಡಿ ಅಲ್ಲ. ವೈಯಾಲಿಕಾವಲ್ ಹತ್ತಿರದ ಚೌಡಯ್ಯ ಸ್ಮಾರಕ ಭವನವೂ ಅಷ್ಟೆ. ಪಿಟೀಲಿನ ಆಕಾರದ ಆ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಳ್ಳುತ್ತೇವೆ. ದುಡ್ಡು ಕೂಡಿಸಿ, ಸರ್ಕಾರದ ಬಾಗಿಲಿಗೆ ಅಲೆದು ಅದನ್ನು ಎಬ್ಬಿಸಿದವರ ಹೆಸರು ಎಷ್ಟು ಜನರಿಗೆ ಗೊತ್ತು?

ಈಗ ನಿಮಗೊಂದು ಚೀಲದ ಕಥೆ ಹೇಳಬೇಕು.

ನನ್ನ ಗೆಳೆಯನೊಬ್ಬ ಸಂಗೀತ ಸಂಯೋಜಕ. ಎರಡು ವರ್ಷದ ಹಿಂದೆ ಒಂದು ಭಾನುವಾರ ಫೋನ್ ಮಾಡಿ, "ಬಾರೋ, ಒಂದು ಕಾಗದ ಓದಿ ಹೇಳು" ಅಂದ. ನಾನು ಜೊತೆಗೆ ನಮ್ಮ ಭಾವನನ್ನೂ ಕರೆದುಕೊಂಡು ಹೋದೆ, ಅವರು ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಊಟದ ಟೇಬಲ್ ಮೇಲೆ ಸೀರೆ ಅಂಗಡಿಯ ಒಂದು ಚೀಲ ಇತ್ತು. ಒಳಗೆ ಹದಿನೈದು ವರ್ಷದ ಕಾಗದ. ಕರೆಂಟ್ ಬಿಲ್ಲು, ಮಗಳ ಸ್ಕೂಲ್ ಫೀಸಿನ ರಸೀದಿ, ಅವುಗಳ ನಡುವೆ ಅಗ್ರಿಮೆಂಟುಗಳು. ಒಂದಕ್ಕೆ ಅರಿಶಿನ ಕುಂಕುಮ ಮೆತ್ತಿತ್ತು. ಮುಹೂರ್ತದ ದಿನ ದೇವರ ಮುಂದೆ ಸಹಿ ಮಾಡಿದ್ದಂತೆ. ಭಾವ ಕನ್ನಡಕ ಏರಿಸಿ ಮೂರು ಗುಡ್ಡೆ ಮಾಡಿದರು. ಸಹಿ ಇರುವುದು, ಸಹಿ ಇಲ್ಲದ್ದು, ಏನೂಂತ ಗೊತ್ತಾಗದ್ದು. ಮೂರನೆಯದೇ ದೊಡ್ಡ ಗುಡ್ಡೆ.

ಅರಿಶಿನ ಮೆತ್ತಿದ ಕಾಗದ 2016ರದು. ಒಂದು ಸಿನಿಮಾದ ಹಾಡುಗಳಿಗೆ ಒಟ್ಟಾಗಿ ಒಂದು ಮೊತ್ತ, ಬದಲಿಗೆ "ಎಲ್ಲ ಹಕ್ಕುಗಳೂ" ನಿರ್ಮಾಪಕರಿಗೆ. ಎಷ್ಟು ವರ್ಷಕ್ಕೆ ಅಂತಿಲ್ಲ, ಯಾವ ದೇಶಕ್ಕೆ ಅಂತಿಲ್ಲ. "ಕೊಟ್ಟಾಯ್ತಲ್ಲ ಮಾರಾಯ, ಇನ್ನೇನಿದೆ" ಅಂದ ಗೆಳೆಯ.

ಬೇಕಾದಷ್ಟಿತ್ತು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಹಕ್ಕು ಕೊಡುವ ಕಾಗದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕಿಂತ ದೊಡ್ಡದು 2012ರ ತಿದ್ದುಪಡಿ. ಹಾಡು ಬರೆದವರು, ರಾಗ ಹಾಕಿದವರು ಹಕ್ಕನ್ನು ಮಾರಿದರೂ ರಾಯಲ್ಟಿಯ ಪಾಲನ್ನು ಮಾರುವ ಹಾಗಿಲ್ಲ. ಥಿಯೇಟರಿನಲ್ಲಿ ಸಿನಿಮಾ ಜೊತೆ ಓಡಿದ್ದಕ್ಕೆ ಈ ಪಾಲು ಸಿಗುವುದಿಲ್ಲ. ಆದರೆ ಅದೇ ಹಾಡು ರೇಡಿಯೊದಲ್ಲಿ, ಟಿವಿಯಲ್ಲಿ, ಹೋಟೆಲ್ಲಿನಲ್ಲಿ, ವೇದಿಕೆ ಮೇಲೆ ಬಂದರೆ ಪಾಲು ಇದೆ. ತಾವೇ ಬೇಡ ಅಂತ ಬರೆದುಕೊಟ್ಟಿದ್ದರೂ ಆ ಮಾತು ನಿಲ್ಲುವುದಿಲ್ಲ. ವಾರಸುದಾರರಿಗೆ, ಇಲ್ಲವೇ ಕಾಪಿರೈಟ್ ಸೊಸೈಟಿಗೆ ಮಾತ್ರ ಅದನ್ನು ವಹಿಸಬಹುದು. ಆ ಸೊಸೈಟಿ ಅಂದರೆ ಐಪಿಆರ್‌ಎಸ್, ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, 1969ರಿಂದ ಇದೆ. ಸದಸ್ಯರಾಗಿ, ನಿಮ್ಮ ಹಾಡುಗಳ ಪಟ್ಟಿ ಕೊಟ್ಟರೆ ವಸೂಲಿ ಅವರು ಮಾಡುತ್ತಾರೆ.

"ಅದೇನೋ ಫಾರಂ ಇತ್ತು ಕಣೋ. ತುಂಬೋಕೆ ಹೋಗ್ಲಿಲ್ಲ," ಅಂದ ಗೆಳೆಯ.

ಭಾವ ಕನ್ನಡಕ ತೆಗೆದು ಕೇಳಿದರು: "ಅಂದ್ರೆ ಎಫ್‌ಡಿ ಇಟ್ಟು ಬಡ್ಡಿ ತರೋಕೇ ಹೋಗಿಲ್ಲ ಅಂತಾಯ್ತು, ಅಲ್ವಾ?"

ಗೆಳೆಯ ನಕ್ಕ. ಅವತ್ತು ರಾತ್ರಿ ಅವನಿಗೆ ನಿದ್ದೆ ಬರಲಿಲ್ಲವಂತೆ, ಅವನ ಹೆಂಡತಿ ಆಮೇಲೆ ಹೇಳಿದರು. ಅವನ ಒಂದು ಹಾಡನ್ನು ನೀವು ಮದುವೆ ಮನೆಗಳಲ್ಲಿ ಖಂಡಿತ ಕೇಳಿರುತ್ತೀರಿ. ಅಂಥ ರಾಗ ಹಾಕುವವನಿಗೆ ಎಂಟು ಪುಟದ ಒಂದು ಫಾರಂ ಬೆಟ್ಟವಾಗಿತ್ತು. ನೀವು ಅಂಥ ಫಾರಂ ಎಷ್ಟು ತುಂಬಿದ್ದೀರಿ, ಹದಿನಾರು ವರ್ಷದಲ್ಲಿ?

ಸುಗಮ ಸಂಗೀತದ ಕಡೆ ನಿಮಗೆ ಒಲವು ಇರುವ ಹಾಗಿದೆ, ಅಲ್ಲಿ ಗೊಂದಲ ಇನ್ನೂ ಜಾಸ್ತಿ. ಭಾವಗೀತೆ ಹಾಡಿ ಯೂಟ್ಯೂಬಿಗೆ ಹಾಕುತ್ತಾರೆ, ಕವಿಯ ಮನೆಯವರನ್ನು ಯಾರೂ ಕೇಳಿರುವುದಿಲ್ಲ. ಕವಿತೆಯ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಪದ್ಯಗಳಿಗೆ 2041ರ ಕೊನೆಯವರೆಗೂ ಒಪ್ಪಿಗೆ ಬೇಕು. ಕುವೆಂಪು ಅವರದ್ದು 2054ರವರೆಗೆ. ಪುರಂದರದಾಸರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಆ ಪದಕ್ಕೆ ಈಚಿನವರು ಹಾಕಿದ ಹೊಸ ಧಾಟಿಗೆ ಬೇಕಾಗಬಹುದು. ಇದನ್ನೆಲ್ಲ ಮೊದಲೇ ನೋಡಿ, ಒಂದು ಹಾಳೆಯಲ್ಲಿ ಬರೆದುಕೊಡುವವರು ಒಬ್ಬರು ಇದ್ದರೆ ಸಾಕು ಅನ್ನುವ ಗಾಯಕರು ಎಷ್ಟೋ ಜನ ಇದ್ದಾರೆ.

ಆನ್‌ಲೈನ್ ದುಡ್ಡಿನ ಬಗ್ಗೆ ಕೇಳಿದ್ದೀರಿ. ಆಸೆ ಇಟ್ಟುಕೊಳ್ಳಬೇಡಿ. ಸ್ಪಾಟಿಫೈನಲ್ಲಿ ಒಂದು ಹಾಡು ವರ್ಷದಲ್ಲಿ ಕನಿಷ್ಠ 1000 ಸಲ ಓಡದಿದ್ದರೆ ಒಂದು ಪೈಸೆಯೂ ಇಲ್ಲ. ಹೊಸಬರ ಹೊಟ್ಟೆ ತುಂಬುವುದು ವೇದಿಕೆಯಿಂದ.

ವೇದಿಕೆ ಅಂದರೆ ಪಂಚಾಂಗ. ನಿಮ್ಮ ಕಂಪನಿಯಲ್ಲಿ ಕ್ವಾರ್ಟರ್ ಇದ್ದ ಹಾಗೆ ಇಲ್ಲಿ ರಾಮನವಮಿ, ಗಣೇಶನ ಹಬ್ಬ, ದಸರಾ. ನವೆಂಬರ್ ಅಂತೂ ಕೇಳಲೇಬೇಡಿ, ನಮ್ಮ ರಾಜ್ಯೋತ್ಸವ ಡಿಸೆಂಬರ್‌ವರೆಗೂ ನಡೆಯುತ್ತದೆ. ಆಷಾಢ, ಪಿತೃಪಕ್ಷ ಬಂದರೆ ಫೋನೇ ಬರುವುದಿಲ್ಲ. ಈ ಏರುಪೇರನ್ನು ಲೆಕ್ಕ ಹಾಕಿ, ನವೆಂಬರಿನ ದುಡ್ಡಿನಲ್ಲಿ ಆಷಾಢಕ್ಕೆ ಎತ್ತಿಡುವವರು ಕಡಿಮೆ. ಸಣ್ಣ ಸಣ್ಣ ವಿಷಯಗಳಲ್ಲೇ ದುಡ್ಡು ಸೋರುತ್ತದೆ. ಟಿಕೆಟ್ ತಲಾ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ, ಅದರ ಮೇಲೆ ಹೋದರೆ 18 ಪರ್ಸೆಂಟ್. 499ಕ್ಕೆ ನಿಲ್ಲಿಸಬೇಕಿದ್ದ ಟಿಕೆಟ್ಟನ್ನು 550ಕ್ಕೆ ಇಟ್ಟು ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಕಂಪನಿಗಳು ಸಂಭಾವನೆಯಲ್ಲಿ 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತವೆ. ರಿಟರ್ನ್ಸ್ ಹಾಕಿದರೆ ವಾಪಸ್ ಬರಬಹುದಾದ ಆ ದುಡ್ಡನ್ನು ಎಷ್ಟೋ ಕಲಾವಿದರು ಮರೆತೇಬಿಡುತ್ತಾರೆ. ಬಯಲಿನಲ್ಲಿ ರಾತ್ರಿ 10ಕ್ಕೆ ಮೈಕ್ ನಿಲ್ಲಬೇಕು. ಸ್ವಾಗತ ಭಾಷಣ ಮುಕ್ಕಾಲು ಗಂಟೆ ಎಳೆದರೆ ಹೋಗುವುದು ಕೊನೆಯ ಮೂರು ಹಾಡು. ಭಾಷಣ ಮಾಡುವವರ ಕೈಯಿಂದ ಮೈಕ್ ತೆಗೆದುಕೊಳ್ಳಲು ಧೈರ್ಯ ಇರುವ ಒಬ್ಬರು ಪ್ರತಿ ವಾದ್ಯಗೋಷ್ಠಿಗೂ ಬೇಕು. ನೀವು ಸೇಲ್ಸ್‌ನವರು, ನಿಮಗೆ ಆಗುತ್ತದೆ.

ಬೇರೆ ಓದು ಓದಿ ಸಂಗೀತಕ್ಕೆ ಬಂದವರ ಹೆಸರುಗಳನ್ನು ಬರೆದಿದ್ದೀರಿ. ರಘು ದೀಕ್ಷಿತ್ ಮೈಕ್ರೊಬಯಾಲಜಿ ಓದಿದವರು, ರಿಕಿ ಕೇಜ್ ದಂತವೈದ್ಯಕೀಯ ಓದಿದವರು. ನಿಜ. ಆದರೆ ರಿಕಿ ಕೇಜ್‌ಗೆ 2015ರಲ್ಲಿ ಗ್ರ್ಯಾಮಿ ಬರುವ ಮೊದಲು ಅವರು ಸಾವಿರಾರು ಜಾಹೀರಾತು ಜಿಂಗಲ್ ಮಾಡಿದ್ದಾರೆ ಅನ್ನುವುದನ್ನು ಈ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಅದೇ ಅವರ ಅಂಗಡಿ. ನನಗೆ ನಿಮ್ಮ ಪಟ್ಟಿಗೆ ಸೇರಿಸಬೇಕು ಅನ್ನಿಸಿದ್ದು ಸಿ. ಅಶ್ವಥ್ ಅವರ ಹೆಸರು. ಅವರು ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯ ನೌಕರಿ ಮಾಡುತ್ತಲೇ ಕನ್ನಡದ ಸುಗಮ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದರು. ನಿಮ್ಮ ಅತ್ತೆಯವರ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಹಾಗಾಗಿ ಈಗಲೇ ರಾಜೀನಾಮೆ ಬೇಡ. ಒಂದು ವರ್ಷ, ಶನಿವಾರ ಭಾನುವಾರ ಮಾತ್ರ, ಒಬ್ಬರೇ ಒಬ್ಬ ಗಾಯಕರ ಅಥವಾ ಒಂದು ತಂಡದ ಕೆಲಸ ನೋಡಿಕೊಳ್ಳಿ. ಡೇಟು, ಅಡ್ವಾನ್ಸು, ಅಗ್ರಿಮೆಂಟು, ವಸೂಲಿ. ಮ್ಯಾನೇಜರ್‌ಗಳು ಸಾಮಾನ್ಯವಾಗಿ ಬಂದ ದುಡ್ಡಿನಲ್ಲಿ 15ರಿಂದ 20 ಪರ್ಸೆಂಟ್ ತೆಗೆದುಕೊಳ್ಳುತ್ತಾರೆ. ನೀವೂ ತೆಗೆದುಕೊಳ್ಳಿ. "ಸುಮ್ನೆ ಪ್ರೀತಿಗೆ ಮಾಡ್ತೀನಿ" ಅಂದರೆ ಮೂರು ತಿಂಗಳಲ್ಲಿ ಪ್ರೀತಿ ಹೋಗುತ್ತದೆ, ಕೆಲಸ ಉಳಿಯುತ್ತದೆ. ನಿಮ್ಮಿಬ್ಬರ ಮಧ್ಯದ ಒಪ್ಪಂದವೂ ಕಾಗದದ ಮೇಲಿರಲಿ. ನಿಮ್ಮ ಕಂಪನಿಯ ನಿಯಮದಲ್ಲಿ ಹೊರಗಿನ ಕೆಲಸಕ್ಕೆ ಒಪ್ಪಿಗೆ ಬೇಕಾ ಅಂತ ಮೊದಲೇ ನೋಡಿಕೊಳ್ಳಿ. ವರ್ಷದ ಕೊನೆಗೆ ಬಂದ ಮೊತ್ತ ನಿಮ್ಮ ಎರಡು ತಿಂಗಳ ಸಂಬಳವನ್ನೂ ಮುಟ್ಟದೇ ಹೋಗಬಹುದು. ಆಗಲೂ ಸೋಮವಾರ ಬೆಳಿಗ್ಗೆ ಆ ಕೆಲಸದ ಯೋಚನೆಯೇ ತಲೆಯಲ್ಲಿದ್ದರೆ ಮತ್ತೆ ಬರೆಯಿರಿ, ರಾಜೀನಾಮೆ ಬಗ್ಗೆ ಮಾತಾಡೋಣ.

ಒಂದು ಎಚ್ಚರಿಕೆ. ಹಾಡುವವರ ಮುಂದೆ ಬ್ರ್ಯಾಂಡು, ಕಂಟೆಂಟು, ಪ್ರಾಡಕ್ಟು ಅನ್ನಬೇಡಿ. ಶಾಂಪೂಗೆ ಸರಿ. ಎಂಬಿಎ ಮಾಡಿದವರೊಬ್ಬರು ಹಿರಿಯ ವಿದ್ವಾಂಸರೊಬ್ಬರಿಗೆ "ಸರ್, ನಿಮ್ಮ ಆಲಾಪನೆ ಮೂರು ನಿಮಿಷಕ್ಕೆ ಇಳಿಸಿದ್ರೆ ರೀಚ್ ಜಾಸ್ತಿ ಆಗುತ್ತೆ" ಅಂದಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ವಿದ್ವಾಂಸರು ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದರು. ಮೊದಲ ಆರು ತಿಂಗಳು ಬರೀ ಕೇಳಿ. ಗಾಯನ ಸಮಾಜದ ಕಛೇರಿಗಳಿಗೆ ಹೋಗಿ, ಮೈಕ್ ಸೆಟ್‌ನವರ ಪಕ್ಕ ಕುಳಿತುಕೊಳ್ಳಿ. ಕ್ಲಾಸಿನಲ್ಲಿ ಕಲಿಯುವುದಕ್ಕಿಂತ ಅಲ್ಲಿ ಕಲಿಯುವುದು ಜಾಸ್ತಿ, ಫೀಸೂ ಇಲ್ಲ.

ಇನ್ನು ನಿಮ್ಮ ಹಾಡು. ಅದನ್ನು ಈ ವ್ಯವಹಾರಕ್ಕೆ ಬೆರೆಸಬೇಡಿ. ಹಳೆಯ ಮೇಷ್ಟರು ಇದ್ದರೆ ಅವರ ಹತ್ತಿರವೇ ಮತ್ತೆ ಹೋಗಿ, ವರ್ಣದಿಂದ ಶುರು ಮಾಡಿ. ನೀವು ಮ್ಯಾನೇಜರ್ ಆಗಿರುವ ತಂಡದಲ್ಲಿ ಮಾತ್ರ "ನಂದೂ ಒಂದು ಹಾಡಿರಲಿ" ಅನ್ನಬೇಡಿ. ಅಂಥ ಮ್ಯಾನೇಜರ್‌ಗಳನ್ನು ಕಂಡರೆ ಕೀಬೋರ್ಡ್‌ನವರು ಹೇಗೆ ಮುಖ ಮಾಡುತ್ತಾರೆ ಅಂತ ನನಗೆ ಗೊತ್ತು.

ಅಂದಹಾಗೆ, ನನ್ನ ಗೆಳೆಯ ಕೊನೆಗೂ ಆ ಫಾರಂ ತುಂಬಿದ. ಭಾವನೇ ಪಕ್ಕದಲ್ಲಿ ಕುಳಿತು ತುಂಬಿಸಿದರು. ಆದರೆ ಅಟ್ಟದ ಮೇಲೆ ಇನ್ನೂ ಎರಡು ಚೀಲ ಸಿಕ್ಕಿವೆಯಂತೆ, ಭಾವ ಈಗ ಮೊಮ್ಮಗುವನ್ನು ನೋಡಲು ಅಮೆರಿಕಕ್ಕೆ ಹೋಗಿದ್ದಾರೆ. ನಿಮ್ಮ ಪತ್ರದ ವಿಷಯ ಗೆಳೆಯನಿಗೆ ಹೇಳಿದ್ದೇನೆ. ಕವರಿನ ಮೇಲಿದ್ದ ನಿಮ್ಮ ವಿಳಾಸಕ್ಕೆ ಅವನ ನಂಬರ್ ಬೇರೆ ಕಳಿಸುತ್ತಿದ್ದೇನೆ. ಶನಿವಾರ ಸಂಜೆ ಆದರೆ ಅವನು ಮನೆಯಲ್ಲೇ ಇರುತ್ತಾನೆ. ಹೋಗುವಾಗ ಒಂದು ಫೈಲು, ಪಂಚಿಂಗ್ ಮಷೀನು ನೀವೇ ತೆಗೆದುಕೊಂಡು ಹೋಗಿ, ಅವನ ಮನೆಯಲ್ಲಿ ಹಾರ್ಮೋನಿಯಂ ಬಿಟ್ಟರೆ ಏನೂ ಸಿಗುವುದಿಲ್ಲ.

— ಸಂಪಾದಕ