ಓದುಗರ ಪ್ರಶ್ನೆ: ಜಾವಾದ ಟ್ಯಾಂಕಿನಲ್ಲಿ ಕಾಣುವ ತೋಟ

ಕಳೆದ ಸಂಚಿಕೆಯಲ್ಲಿ ನಾನು ಬರೆದ ಜಾವಾ ಬೈಕಿನ ಚಿತ್ರ ಅಚ್ಚಾದ ಮೇಲೆ ಬಂದ ಪತ್ರಗಳೆಲ್ಲ ಬೈಕಿನ ಸುತ್ತಲೇ ಇವೆ. ನಾನು ವಿರಾಜಪೇಟೆಯಲ್ಲಿ ನಂಬರ್ ಪ್ಲೇಟ್, ಅಂಗಡಿ ಬೋರ್ಡ್ ಬರೆಯುತ್ತಾ ಕುಂಚ ಹಿಡಿದವನು. ಉತ್ತರಗಳೂ ಆ ಕೈಯಿಂದಲೇ ಬಂದವು.

ಪ್ರ: ಬೈಕಿನ ಸೈಲೆನ್ಸರ್ ಬರೆದೆ. ಸಿಲ್ವರ್ ಪೇಂಟ್ ಎರಡು ಕೋಟ್ ಹೊಡೆದರೂ ತಗಡಿನ ಹಾಗೇ ಕಾಣುತ್ತದೆ. ಫೋಟೋ ತರಹ ಬರೆಯುವವರು ಯಾವ ಬಣ್ಣ ಹಾಕುತ್ತಾರೆ?
— ಕಾಲೇಜು ವಿದ್ಯಾರ್ಥಿ, ಸುಂಟಿಕೊಪ್ಪ

ಉ: ತಮ್ಮಾ, ಮೊದಲು ಆ ಸಿಲ್ವರ್ ಡಬ್ಬಿಯ ಮುಚ್ಚಳ ಹಾಕಿಬಿಡು. ಸೈಲೆನ್ಸರಿನ ಮೇಲಿರುವುದು ಕ್ರೋಮ್ ಲೇಪ, ಕ್ರೋಮ್ ಅಂದರೆ ಕನ್ನಡಿ. ಅದಕ್ಕೆ ತನ್ನದು ಅಂತ ಬಣ್ಣವಿಲ್ಲ, ಎದುರಿಗೆ ಏನಿದೆಯೋ ಅದೇ ಅದರ ಬಣ್ಣ. ಬೆಳಿಗ್ಗೆ ಎಂಟು ಗಂಟೆಗೆ ಕಾಫಿ ಕಣದ ಪಕ್ಕ ಬೈಕ್ ನಿಲ್ಲಿಸಿ, ಹೆಡ್‌ಲೈಟಿನ ಸುತ್ತಿನ ರಿಮ್ಮನ್ನು ಹತ್ತು ನಿಮಿಷ ಸುಮ್ಮನೆ ನೋಡು. ಮೇಲರ್ಧ ಆಕಾಶ. ಕೆಳಗರ್ಧ ಕಣದ ಮಣ್ಣು, ಅದರ ಮೇಲೆ ಹರಡಿದ ಹಣ್ಣಿನ ಕೆಂಪು. ಇವೆರಡರ ನಡುವೆ ಒಂದು ಕಪ್ಪು ಪಟ್ಟಿ ಇರುತ್ತದೆ, ಅದು ಸಿಲ್ವರ್ ಓಕ್ ಮರಗಳ ಸಾಲು. ಹೊಳಪು ಹುಟ್ಟುವುದೇ ಆ ಪಟ್ಟಿಯಿಂದ. ಅತಿ ಕತ್ತಲೆಯ ಪಕ್ಕದಲ್ಲೇ ಅತಿ ಬೆಳಕು ಇಡಬೇಕು, ನಡುವೆ ಉಜ್ಜಿ ಮೃದು ಮಾಡಬಾರದು. ಉಜ್ಜಿದರೆ ಅಲ್ಯುಮಿನಿಯಂ ಪಾತ್ರೆ ಆಗುತ್ತದೆ. ಸೈಲೆನ್ಸರಿನಂಥ ಕೊಳವೆಯಲ್ಲಿ ಮರ, ಮನೆ, ನೀನು, ಎಲ್ಲವೂ ಕೊಳವೆಯ ಉದ್ದಕ್ಕೆ ಎಳೆದ ಗೆರೆಗಳಾಗುತ್ತವೆ.

ಕಪ್ಪು ಟ್ಯೂಬನ್ನು ನಾನು ನೇರವಾಗಿ ಬಳಸುವುದಿಲ್ಲ. ಪ್ರಶ್ಯನ್ ಬ್ಲೂ ಎಂಬ ಗಾಢ ನೀಲಿಗೆ ಬರ್ಂಟ್ ಅಂಬರ್ ಎಂಬ ಕಂದು ಬೆರೆಸಿದರೆ ಜೀವವಿರುವ ಕತ್ತಲೆ ಸಿಗುತ್ತದೆ. ಅಚ್ಚ ಬಿಳಿಯನ್ನು ಕೊನೆಯ ಎರಡು ಮೂರು ಚುಕ್ಕೆಗಳಿಗೆ ಉಳಿಸಿಕೋ.

ಇನ್ನೊಂದು ಮಾತು. ಮೊದಮೊದಲು ನಾನು ಅಮೆರಿಕದ ಚಿತ್ರಗಳನ್ನು ನೋಡಿ ಕ್ರೋಮಿನ ತುಂಬಾ ಗಾಢ ನೀಲಿ ತುಂಬುತ್ತಿದ್ದೆ. ನನಗೆ ಬೋರ್ಡ್ ಬರೆಯಲು ಕಲಿಸಿದ ಗುರುಗಳು ಅಂಥದ್ದೊಂದು ಚಿತ್ರದ ಮುಂದೆ ನಿಂತು, "ಆಟಿ ತಿಂಗಳಲ್ಲಿ ಇಷ್ಟು ನೀಲಿ ಎಲ್ಲಿಂದ ತಂದೆಯೋ?" ಅಂದರು. ಆಟಿ ಅಂದರೆ ಜಡಿಮಳೆಯ ತಿಂಗಳು, ಆ ಗಾಡಿ ನಿಂತಿದ್ದು ಮಳೆಯಲ್ಲಿ ನೆನೆದ ಅಂಗಳದಲ್ಲಿ. ನಮ್ಮ ಮಳೆಗಾಲದ ಕ್ರೋಮ್ ಹಾಲಿನ ಹಾಗೆ ಬೆಳ್ಳಗೆ, ಅಂಚಿನಲ್ಲಿ ಪಾಚಿ ಹಸಿರು. ಅದನ್ನು ಹಿಡಿಯಲು ನನಗೆ ಒಂದು ವರ್ಷ ಬೇಕಾಯಿತು.

ಪ್ರ: ಫೋಟೋ ಇಟ್ಟುಕೊಂಡು, ಅದೂ ಪ್ರೊಜೆಕ್ಟರಿನಲ್ಲಿ ಬಿಟ್ಟು ಬರೆಯುವುದು ನಕಲಲ್ಲವೇ? ನಾವು ಮಕ್ಕಳಿಗೆ ಎದುರಿಗಿದ್ದದ್ದನ್ನು ನೋಡಿ ಬರೆಯಲು ಕಲಿಸಿದೆವು.
— ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸೋಮವಾರಪೇಟೆ

ಉ: ಮೇಷ್ಟ್ರೇ, ಫೋಟೋ ತರಹ ಬರೆಯುವ ಈ ಪಂಥದವರು ಫೋಟೋ ಬಳಕೆಯನ್ನು ಮುಚ್ಚಿಟ್ಟವರಲ್ಲ. 1969ರಲ್ಲಿ ನ್ಯೂಯಾರ್ಕಿನ ಗ್ಯಾಲರಿ ಮಾಲೀಕ ಲೂಯಿಸ್ ಮೈಸೆಲ್ ಕೊಟ್ಟ ಹೆಸರಿನಲ್ಲೇ ಫೋಟೋ ಇದೆ: ಫೋಟೋರಿಯಲಿಸಂ. ಆ ಪಂಥದ ಚಿತ್ರಕಾರ ಚಕ್ ಕ್ಲೋಸ್ ಫೋಟೋಗೆ ಚೌಕ ಹಾಕಿಕೊಂಡು ಆಳಿಗಿಂತ ಎತ್ತರದ ಮುಖಗಳನ್ನು ಬರೆದರು. ಶಿಕಾಗೋದಲ್ಲಿ ಹುಟ್ಟಿದ ಟಾಮ್ ಬ್ಲ್ಯಾಕ್‌ವೆಲ್ ಮೋಟಾರ್ ಸೈಕಲ್ಲಿನ ಇಂಜಿನ್ನು, ಕೊಳವೆಗಳನ್ನೇ ದೊಡ್ಡ ಕ್ಯಾನ್‌ವಾಸಿಗೆ ತಂದರು. ಚೌಕ ಹಾಕುವುದು ನಮಗೂ ಹೊಸತಲ್ಲ. ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು ಅಂಗೈಯಗಲದ ಸ್ಟಿಲ್ಲಿಗೆ ಚೌಕ ಎಳೆದು ಮೂವತ್ತಡಿಗೆ ಏರಿಸುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ.

ಆದರೂ ನಿಮ್ಮ ಆಕ್ಷೇಪದಲ್ಲಿ ನಿಜವಿದೆ. ಫೋಟೋಕ್ಕೆ ಒಂದೇ ಕಣ್ಣು. ಇಂಜಿನ್ನಿನ ಅಡಿಯ ನೆರಳನ್ನು ಅದು ಕಪ್ಪು ಗುಂಡಿ ಮಾಡಿಬಿಡುತ್ತದೆ. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದವನಿಗೆ ಮಾತ್ರ ಆ ಗುಂಡಿಯೊಳಗೆ ಆಯಿಲ್ ಜಿನುಗಿದ ಬೋಲ್ಟ್ ಕಾಣುತ್ತದೆ. ಹಾಗಾಗಿ ನಾನೇ ತೆಗೆಯದ ಫೋಟೋದಿಂದ ನಾನು ಬರೆಯುವುದಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಚಿತ್ರಕ್ಕೆ ಕಾನೂನಿನ ತೊಡಕೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಫೋಟೋವೂ ಒಂದು ಕೃತಿಯೇ. ಬೇರೆಯವರ ಫೋಟೋ ನೋಡಿ ಬರೆದು ಮಾರುವ ಮೊದಲು ಅವರ ಒಪ್ಪಿಗೆ ಪಡೆಯಬೇಕು.

ಪ್ರ: ನಮ್ಮ ಹೋಂಸ್ಟೇಗೆ ಬೈಕ್ ಚಿತ್ರದ ಲಿಮಿಟೆಡ್ ಎಡಿಷನ್ ಪ್ರಿಂಟ್ ಕೊಳ್ಳಬೇಕೆಂದಿದ್ದೇನೆ. ಕೆಳಗೆ 37/150 ಎಂದಿದೆ. ಮುಂದೆ ಬೆಲೆ ಏರುತ್ತದೆಯೇ? ನಮ್ಮ ಮಳೆಗೆ ತಡೆಯುತ್ತದೆಯೇ?
— ಓದುಗರು, ಕುಶಾಲನಗರ

ಉ: ಒಟ್ಟು 150 ಪ್ರತಿಗಳಲ್ಲಿ ನಿಮ್ಮದು 37ನೆಯದು. ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಎಂದು ಬರೆದಿದ್ದರೆ ಅದು ಕಲಾವಿದ ತನಗೆಂದು ಇಟ್ಟುಕೊಂಡ ಪ್ರತಿ. ಅವು ಆ 150ರ ಲೆಕ್ಕಕ್ಕೆ ಸೇರುವುದಿಲ್ಲ, ಎಷ್ಟಿವೆ ಎಂದು ಕೇಳಿ. ಈಗ ಇಂಥವನ್ನು ಹೆಚ್ಚಾಗಿ ಇಂಕ್‌ಜೆಟ್‌ನಲ್ಲಿ ತೆಗೆಯುತ್ತಾರೆ. ಅದನ್ನು ಜಿಕ್ಲೇ ಅನ್ನುತ್ತಾರೆ, 1991ರಲ್ಲಿ ಜಾಕ್ ಡುಗಾನ್ ಎಂಬ ಮುದ್ರಕ ಇಟ್ಟ ಹೆಸರು. ಪಿಗ್ಮೆಂಟ್ ಇಂಕ್ (ಬೇಗ ಮಾಸದ ಶಾಯಿ), ಆಮ್ಲವಿಲ್ಲದ ಹತ್ತಿ ಕಾಗದ, ಇವೆರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಂಪನಿಯ ಲಾಂಛನ ಎದ್ದು ಕಾಣುವ ಚಿತ್ರವಾದರೆ ಅನುಮತಿ ಇದೆಯೇ ಎಂದೂ ಕೇಳಿ. ಅಮೆರಿಕದ ಚಿತ್ರಕಾರ ಸ್ಕಾಟ್ ಜೇಕಬ್ಸ್ 1993ರಲ್ಲಿ ಹಾರ್ಲೆ-ಡೇವಿಡ್‌ಸನ್ನಿನ ಅಧಿಕೃತ ಪರವಾನಗಿ ಪಡೆದೇ ಅದರ ಬೈಕುಗಳನ್ನು ಬರೆದರು.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದದ್ದು ಆದಷ್ಟೂ ಹೆಚ್ಚು ಮನೆಗಳಿಗೆ ಚಿತ್ರ ತಲುಪಲಿ ಎಂದು. ನಮ್ಮಜ್ಜಿಯ ದೇವರ ಕೋಣೆಯ ಲಕ್ಷ್ಮಿಯೂ ಆ ಬಗೆಯ ಅಚ್ಚಿನ ಚಿತ್ರವೇ, ಅದಕ್ಕೆ ನಂಬರಿಲ್ಲ. ಆ ದಾರಿಯ ಮೇಲೂ ನನಗೆ ಗೌರವವಿದೆ. ಆದರೆ ಒಮ್ಮೆ ನಂಬರ್ ಬರೆದರೆ ಅದು ಕೊಟ್ಟ ಮಾತು. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನದೊಂದು ಚಿತ್ರವನ್ನು 25 ಪ್ರತಿಗೆ ಸೀಮಿತ ಎಂದು ಮಾರಿದ್ದೆ. ಮುದ್ರಿಸಿಕೊಟ್ಟವರು ಫೈಲ್ ಇಟ್ಟುಕೊಂಡು ಇನ್ನಷ್ಟು ತೆಗೆದು ಮಾರಿದ್ದು ಆಮೇಲೆ ಒಂದು ಹೋಟೆಲಿನ ಗೋಡೆಯ ಮೇಲೆ ನೋಡಿ ತಿಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಕೊಂಡವರಿಗೆಲ್ಲ ಫೋನ್ ಮಾಡಿ ನಡೆದದ್ದು ಹೇಳಿದೆ. ಮೂವರು ಹಿಂದಿರುಗಿಸಿದರು, ಹಣ ಕೊಟ್ಟೆ. ಉಳಿದವರು ಇಟ್ಟುಕೊಂಡರು. ಈಗ ಮುದ್ರಣದ ದಿನ ಅಲ್ಲೇ ಕೂತಿದ್ದು, ಫೈಲ್ ಅಳಿಸಿಯೇ ಎದ್ದು ಬರುತ್ತೇನೆ.

ಬೆಲೆ ಏರುತ್ತದೆಂದು ಕೊಳ್ಳಬೇಡಿ. ದಿನಾ ನೋಡಬೇಕೆನಿಸಿದರೆ ಕೊಳ್ಳಿ. ಮಳೆಯ ವಿಷಯಕ್ಕೆ ಬಂದರೆ, ಇಲ್ಲಿ ಬಿಸಿಲಿಗಿಂತ ಬೂಷ್ಟೇ ದೊಡ್ಡ ಶತ್ರು. ಗಾಜು ಪ್ರಿಂಟಿಗೆ ತಾಗಬಾರದು, ನಡುವೆ ಅಂಚಿನ ಸುತ್ತ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್, ಇರಲಿ. ಮಳೆ ಹೊಡೆಯುವ ಹೊರಗೋಡೆ ಬೇಡ, ಒಳಗಿನ ಗೋಡೆಗೇ ಹಾಕಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಇಳಿಸಿ ಹಿಂಬದಿ ನೋಡಿ.

ಪ್ರ: ಅಪ್ಪನ ಜಾವಾ ಮಾರಿಹೋಯಿತು, ಅಪ್ಪನೂ ಇಲ್ಲ. ಒಂದು ಮಾಸಿದ ಕಪ್ಪು-ಬಿಳುಪು ಫೋಟೋ ಇದೆ. ಅದರಿಂದ ಬಣ್ಣದ ಚಿತ್ರ ಬರೆಯಲಾಗುತ್ತದೆಯೇ? ಸೀಟಿನ ಹರಿದ ಜಾಗಕ್ಕೆ ಅಮ್ಮ ಹಾಕಿದ ಹೊಲಿಗೆಯನ್ನು ಬಿಟ್ಟು ಹೊಸದರಂತೆ ಬರೆಸೋಣ ಅನ್ನುತ್ತಾನೆ ಅಣ್ಣ.
— ಓದುಗರು, ಪೊನ್ನಂಪೇಟೆ

ಉ: ಆಗುತ್ತದೆ ತಂಗೀ. ನಾನೇ ತೆಗೆದ ಫೋಟೋ ಬೇಕೆಂಬ ನನ್ನ ನಿಯಮವನ್ನು ಇಂಥ ಕಡೆ ಮಾತ್ರ ಸಡಿಲಿಸುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಗಾಡಿಗಳು ನಮ್ಮಲ್ಲಿ ಇನ್ನೂ ಓಡುತ್ತಿವೆ. ಅದೇ ಮಾದರಿಯದೊಂದನ್ನು ಹುಡುಕಿ ಅಳತೆ, ಬಣ್ಣ ನೋಡಿಕೊಳ್ಳಬಹುದು. ಯಾರಿಂದ ಬರೆಸಿದರೂ ಎರಡು ವಿಷಯ ಗಮನಿಸಿ: ಒಂದೇ ಸಿಲಿಂಡರಾದರೂ ಸೈಲೆನ್ಸರ್ ಎರಡು, ಮತ್ತು ಕಿಕ್ ಹೊಡೆಯುವ ಲಿವರೇ ಗೇರಿನ ಲಿವರ್. ಜಾವಾ ಓಡಿಸದವರು ಇಲ್ಲೇ ತಪ್ಪುತ್ತಾರೆ.

ಟ್ಯಾಂಕಿನ ಪಕ್ಕದ ಕ್ರೋಮಿನಲ್ಲಿ ಏನು ಕಾಣಬೇಕು ಎನ್ನುವುದನ್ನು ಫೋಟೋ ಹೇಳಲಾರದು. ಗಾಡಿ ಯಾವ ಕಡೆ ಮುಖ ಮಾಡಿ ನಿಲ್ಲುತ್ತಿತ್ತು, ಎದುರಿಗೆ ಯಾವ ಮರ ಇತ್ತು, ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದರೇ, ಅಮ್ಮನಿಗೆ ಗೊತ್ತಿರುತ್ತದೆ. ಹೊಲಿಗೆಯನ್ನು ಬಿಡಬೇಡಿ, ಅಣ್ಣನಿಗೆ ನಾನು ಹೇಳುತ್ತೇನೆ. ಯಾವ ಬಣ್ಣದ ದಾರ ಎಂದು ಕೇಳಿಕೊಂಡು ಬನ್ನಿ. ಅಮ್ಮನನ್ನೇ ಕರೆತಂದರೆ ಇನ್ನೂ ಒಳ್ಳೆಯದು. ಸಂತೆಯ ದಿನ ಬಿಟ್ಟು ಯಾವಾಗ ಬಂದರೂ ಅಂಗಡಿಯಲ್ಲೇ ಇರುತ್ತೇನೆ.