ಡೋಪಿಂಗ್ (ಆಟಗಾರರು ನಿಷೇಧಿತ ಮದ್ದು ಬಳಸುವುದು) ತಡೆ ಏಜೆನ್ಸಿಯ ಆಡಳಿತ ಮಂಡಳಿಯವರಿಗೆ ಯಾವ ಆಟಗಾರರ ಪರೀಕ್ಷೆ ನಡೆಯಲಿದೆ ಅಂತ ಮೊದಲೇ ಗೊತ್ತಿರುತ್ತದೆಯೇ?

ಇಲ್ಲ, ಗೊತ್ತಿರಲೂಬಾರದು. ಮಂಡಳಿ ನೋಡಿಕೊಳ್ಳುವುದು ಬಜೆಟ್, ನೀತಿ ಮತ್ತು ಏಜೆನ್ಸಿಯ ಮುಖ್ಯಸ್ಥರು ಸರಿಯಾಗಿ ಕೆಲಸ ಮಾಡುತ್ತಿದ್ದಾರಾ ಎಂಬುದನ್ನು. ಯಾರನ್ನು, ಯಾವಾಗ ಪರೀಕ್ಷಿಸಬೇಕು ಎಂದು ತೀರ್ಮಾನಿಸುವುದು ಸಿಬ್ಬಂದಿ.

ಯಾಕೆಂದರೆ ಸುಳಿವು ಸಿಕ್ಕರೆ ಪರೀಕ್ಷೆ ಸುಮ್ನೆ ದಂಡ. ಕೆಲವು ಮದ್ದುಗಳ ಕುರುಹು ಮೈಯಿಂದ ಬೇಗ ಮಾಯವಾಗುತ್ತದೆ. ಅದಕ್ಕೇ ಪರೀಕ್ಷಾ ಪಟ್ಟಿಯಲ್ಲಿರುವ ಪ್ರಮುಖ ಆಟಗಾರರು ಪ್ರತಿದಿನ ಯಾವ 60 ನಿಮಿಷ ಎಲ್ಲಿ ಸಿಗುತ್ತೇವೆ ಎಂದು ಮೊದಲೇ ತಿಳಿಸಿರಬೇಕು. ಅಧಿಕಾರಿ ಹೇಳದೆ ಕೇಳದೆ ಬಂದು ಬಾಗಿಲು ತಟ್ಟುತ್ತಾರೆ. ಮೂತ್ರದ ಮಾದರಿಯನ್ನು ಎ, ಬಿ ಎಂಬ ಎರಡು ಬಾಟಲಿಗೆ ಹಾಕಿ ಸೀಲ್ ಮಾಡುತ್ತಾರೆ. ಅವುಗಳ ಮೇಲೆ ಹೆಸರಿರುವುದಿಲ್ಲ, ಬರೀ ಕೋಡ್ ನಂಬರ್. ಲ್ಯಾಬಿನವರಿಗೇ ಹೆಸರು ಗೊತ್ತಾಗಬಾರದು ಅಂದಮೇಲೆ ಮಂಡಳಿಯವರಿಗೆ ಯಾಕೆ, ಅಲ್ವಾ?

2021ರಲ್ಲಿ ಜಾರಿಗೆ ಬಂದ ಪರಿಷ್ಕೃತ ವಿಶ್ವ ಡೋಪಿಂಗ್ ತಡೆ ಸಂಹಿತೆ ಇದನ್ನು ಇನ್ನೂ ಬಿಗಿ ಮಾಡಿತು. ಕ್ರೀಡಾ ಫೆಡರೇಷನ್, ಒಲಿಂಪಿಕ್ ಸಮಿತಿ ಅಥವಾ ಸರ್ಕಾರದ ಕ್ರೀಡಾ ಇಲಾಖೆ ನಡೆಸುವವರು ಏಜೆನ್ಸಿಯ ದಿನನಿತ್ಯದ ತೀರ್ಮಾನಗಳಲ್ಲಿ ಕೈಹಾಕುವಂತಿಲ್ಲ. ಪದಕ ಬೇಕೆನ್ನುವವರೇ ಪರೀಕ್ಷೆಯನ್ನೂ ನಿರ್ಧರಿಸಿದರೆ ಯಾರು ನಂಬುತ್ತಾರೆ?

ನನ್ನ ಪ್ರಕಾರ ಸದಸ್ಯರಿಗೆ ಜಾಸ್ತಿ ಕಷ್ಟ ಆಗುವುದು ನಿಯಮ ಕಲಿಯುವುದಲ್ಲ, "ಆ ಕೇಸ್ ಏನಾಯ್ತು ಸ್ವಲ್ಪ ನೋಡಿ" ಎನ್ನುವ ಪರಿಚಯದವರಿಗೆ ಇಲ್ಲ ಅನ್ನುವುದು.