ಕಿನ್ನರಿ ಕಥೆಯ ಚಿತ್ರಪುಸ್ತಕಕ್ಕೆ ಪಾತ್ರ, ಉಡುಪು ರೂಪಿಸುವುದು ಎಲ್ಲಿಂದ ಶುರು ಮಾಡಬೇಕು?

ಮುಖದಿಂದಲ್ಲ, ಹೊರರೇಖೆಯಿಂದ. ಪ್ರತಿ ಪಾತ್ರವನ್ನೂ ಹೆಬ್ಬೆರಳಿನಷ್ಟು ಗಾತ್ರದಲ್ಲಿ ಬರೀ ಕಪ್ಪು ನೆರಳಾಗಿ ಬರೆದು ಪಕ್ಕಪಕ್ಕ ಇಡಿ. ರಾಣಿ ಯಾರು, ಮಾಟಗಾತಿ ಯಾರು ಎಂದು ತಿಳಿಯದಿದ್ದರೆ ಆಕಾರವನ್ನೇ ಬದಲಿಸಿ. ಅದನ್ನು ಬಣ್ಣ ಸರಿಪಡಿಸುವುದಿಲ್ಲ.

ಉಡುಪಿನಲ್ಲಿ ಕೈ ಬಿಗಿ ಹಿಡಿಯಿರಿ. 32 ಪುಟದ ಪುಸ್ತಕದಲ್ಲಿ ನಾಯಕಿಯನ್ನು 20ಕ್ಕೂ ಹೆಚ್ಚು ಸಲ ಬರೆಯಬೇಕಾದೀತು. ಮೊದಲ ಪುಟದಲ್ಲಿ ಆಸೆಪಟ್ಟು ಬಿಡಿಸಿದ ಕಸೂತಿ ಹತ್ತನೇ ಪುಟದ ಹೊತ್ತಿಗೆ ಶಿಕ್ಷೆಯಾಗುತ್ತದೆ, ಗುಂಡಿಗಳ ಲೆಕ್ಕವೂ ತಪ್ಪುತ್ತದೆ. ಒಂದು ಮುಖ್ಯ ಬಣ್ಣ, ಒಂದು ಜೊತೆಬಣ್ಣ, ದೂರಕ್ಕೂ ಕಾಣುವ ಒಂದೇ ಗುರುತು ಸಾಕು: ಕೆಂಪು ಮೇಲಂಗಿ, ಅದರ ಎಡ ಮೊಣಕೈಗೆ ಹಳದಿ ತೇಪೆ. ಎಲ್ಲ ಪುಟದಲ್ಲೂ ಅದು ಎಡಕ್ಕೇ ಇರಲಿ. ಕಂಪ್ಯೂಟರಿನಲ್ಲಿ ಚಿತ್ರವನ್ನು ಫ್ಲಿಪ್ ಮಾಡಿದಾಗ, ಅಂದರೆ ಕನ್ನಡಿಯಂತೆ ಎಡಬಲ ತಿರುಗಿಸಿದಾಗ, ಮೊದಲು ಕೆಡುವುದು ಇದೇ, ಮಕ್ಕಳ ಕಣ್ಣಿಗೆ ಮೊದಲು ಬೀಳುವುದೂ ಇದೇ.

ಆಮೇಲೆ ಮುಂದೆ, ಮುಕ್ಕಾಲು (ತುಸು ಓರೆಯಾಗಿ ತಿರುಗಿದ ನೋಟ), ಪಕ್ಕ, ಹಿಂದೆ ಎಂದು ನಾಲ್ಕು ನೋಟಗಳ ಹಾಳೆ ಮಾಡಿ. ಎಲ್ಲ ಪಾತ್ರಗಳನ್ನೂ ಸಾಲಾಗಿ ನಿಲ್ಲಿಸಿ ಎತ್ತರ ಗುರುತಿಸಿ. ಓಡಿಸಿ, ಕೂರಿಸಿಯೂ ನೋಡಿ: ನೆಲ ಮುಟ್ಟುವ ಗೌನು ಕಾಲು ಮುಚ್ಚಿದರೆ ಓಟವೇ ಕಾಣುವುದಿಲ್ಲ. ಕಾಡಿನ ದೃಶ್ಯಗಳೇ ಹೆಚ್ಚಿದ್ದರೆ ಹಸಿರು ಉಡುಪು ಬೇಡ. ಪರದೆಯ ಮೇಲೆ ಹೊಳೆಯುವ ನೇರಳೆ, ಗಿಳಿಹಸಿರು ನಾಲ್ಕು ಬಣ್ಣದ ಶಾಯಿಗಳಿಂದಲೇ ಎಲ್ಲ ಬಣ್ಣ ಮೂಡಿಸುವ ಮುದ್ರಣದಲ್ಲಿ ಮಂಕಾಗುತ್ತವೆ. ಬಣ್ಣ ಅಂತಿಮಗೊಳಿಸುವ ಮುನ್ನ ಒಂದು ಪ್ರೂಫ್ (ಪರೀಕ್ಷಾ ಮುದ್ರಣ) ತೆಗೆಸಿ.